ಹಬ್ಬದ ದಿನಗಳಲ್ಲಿ ಕುಗ್ಗಿದ ಮನಸ್ಸು

(ಆಗಮನ ಕಾಲದ ಸಂಜೆ ಕೂಟದಲ್ಲಿ ಎಸ್ಟೇಟ್ ಕುಟುಂಬಗಳಿಗೆ ಮಾಡಿದ ಭಾಷಣ)



ಕ್ರಿಸ್ಮಸ್ ಹತ್ತಿರ ಬಂತು. ಲೈನಿನಲ್ಲಿ ಒಂದೊಂದೇ ಮನೆಯ ಮುಂದೆ ನಕ್ಷತ್ರ ಏರುತ್ತಿದೆ. ಹುಡುಗರು ಹಾಡು ಕಲಿಯುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ದುಃಖದ ಮಾತು ಯಾತಕ್ಕೆ ಎಂದು ನೀವು ಕೇಳಬಹುದು. ಹಬ್ಬಕ್ಕೆ ಕಾಯುವವರು ನಮ್ಮಲ್ಲಿ ಇರುವ ಹಾಗೆಯೇ, ಹಬ್ಬ ಯಾವಾಗ ಮುಗಿದೀತೋ ಎಂದು ದಿನ ಎಣಿಸುವವರೂ ಇದ್ದಾರೆ. ಅವರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ, ನಿನಗೆ ವಿಶ್ವಾಸ ಸಾಲದು ಎನ್ನುವವರು ನಮ್ಮ ನಡುವೆಯೇ ಉಂಟು. ಆದ್ದರಿಂದ ಇಂದು ಅವರ ಪರವಾಗಿ ನಾಲ್ಕು ಮಾತು.

ಮನಸ್ಸು ಕುಗ್ಗುವುದಕ್ಕೆ ಕಾರಣ ಇಲ್ಲದಿಲ್ಲ. ನೀಲಗಿರಿಯಲ್ಲಿ ಡಿಸೆಂಬರ್, ಜನವರಿ ಎಂದರೆ ಮಂಜು ಹೆಪ್ಪುಗಟ್ಟುವ ಕಾಲ. ಚಿಗುರು ಸುಟ್ಟ ಹಾಗಾಗುತ್ತದೆ, ಎಲೆ ಕಡಿಮೆಯಾಗುತ್ತದೆ, ಹೆಚ್ಚಿನ ಕಿಲೋಗೆ ಸಿಗುವ ಕಾಸೂ ಕಡಿಮೆಯಾಗುತ್ತದೆ. ವಯನಾಡಿನ ಕಾಫಿ ತೋಟಗಳಲ್ಲಿ ಇದೇ ಹೊತ್ತಿಗೆ ಹಣ್ಣು ಕೊಯ್ಯುವ ಕೆಲಸ. ಬೆನ್ನು ನೆಟ್ಟಗೆ ಮಾಡಲು ಬಿಡುವಿಲ್ಲ. ಬೋನಸ್ಸು ಬರುವುದು ಕೇರಳದಲ್ಲಿ ಓಣಂ ಹೊತ್ತಿಗೆ, ತಮಿಳುನಾಡಿನಲ್ಲಿ ದೀಪಾವಳಿ ಹೊತ್ತಿಗೆ. ಹಳೆಯ ಸಾಲಕ್ಕೆ, ಮಕ್ಕಳ ಫೀಜಿಗೆ ಹೋಗಿ ಡಿಸೆಂಬರಿಗೆ ಉಳಿಯುವುದೆಷ್ಟು? ಅಷ್ಟರಲ್ಲಿ ಪಕ್ಕದ ಮನೆಯ ಮಗುವಿಗೆ ಹೊಸ ಬಟ್ಟೆ ಬಂದಿರುತ್ತದೆ. ನಮ್ಮ ಮಗು ಕೇಳುವುದಿಲ್ಲ, ಸುಮ್ಮನೆ ನೋಡುತ್ತದೆ. ತಾಯಿಗೆ ಆ ನೋಟವೇ ಸಾಕು. ಆಕೆಯೋ ಮಸ್ಟರಿಗೆ ಮೊದಲೇ ಎದ್ದು ಅಡಿಗೆ ಮಾಡಿ, ದಿನವೆಲ್ಲ ತೋಟದಲ್ಲಿ ದುಡಿದು, ರಾತ್ರಿ ಮನೆಗೆ ಸುಣ್ಣ ಹೊಡೆದು ತಿಂಡಿಯನ್ನೂ ಕರಿಯಬೇಕು. ಹಬ್ಬ ಎಲ್ಲರದು, ಹಬ್ಬದ ಕೆಲಸ ಒಬ್ಬಳದು.

ಇನ್ನು ಖಾಲಿಯಾದ ಜಾಗ. ತಿರುಪ್ಪೂರು, ಕೊಯಮತ್ತೂರು, ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳಿಗೆ ರಜೆ ಸಿಕ್ಕಿರುವುದಿಲ್ಲ. ಕೆಲವರು ಇನ್ನು ಬರುವವರೇ ಅಲ್ಲ. 2024ರ ಜುಲೈ 30ರ ನಡುರಾತ್ರಿ ಮುಂಡಕ್ಕೈ, ಚೂರಲ್‌ಮಲದ ಕಡೆ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಹಾಗೆಯೇ ಎಸ್ಟೇಟ್ ಪಾಡಿಗಳಲ್ಲಿ ಬದುಕಿದವರು ಅವರಲ್ಲಿ ಎಷ್ಟೋ ಮಂದಿ. ಉಳಿದವರಿಗೆ ಆ ವರ್ಷವೂ ಡಿಸೆಂಬರ್ 25 ಬಂದೇ ಬಂತು. ಅವರ ಮುಂದೆ ನಿಂತು ಸಂತೋಷಪಡಿ ಎಂದು ಹೇಳುವುದಕ್ಕೆ ಯಾರಿಗೆ ನಾಲಿಗೆ ಬಂದೀತು?

ದೇವರು ಹಾಗೆ ಹೇಳಲಿಲ್ಲ. ಅರಸುಗಳ ಮೊದಲನೆಯ ಪುಸ್ತಕದ 19ನೇ ಅಧ್ಯಾಯವನ್ನು ಮನೆಯಲ್ಲಿ ಓದಿರಿ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಕಂಡ ಎಲೀಯನು, ಜೀವಬೆದರಿಕೆ ಬಂದೊಡನೆ ಓಡುತ್ತಾನೆ. ಸೇವಕನನ್ನು ದಾರಿಯಲ್ಲೇ ಬಿಟ್ಟು, ಒಬ್ಬನೇ ಅಡವಿಗೆ ಹೋಗಿ ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ಆಗ ದೇವದೂತನು ಗದರಿಸಿದನೇ? ಇಲ್ಲ. ಉಪದೇಶ ಮಾಡಿದನೇ? ಅದೂ ಇಲ್ಲ. ಮೈಮುಟ್ಟಿ ಎಬ್ಬಿಸಿ, ಬಿಸಿ ರೊಟ್ಟಿ, ನೀರು ಕೊಟ್ಟನು. ತಿಂದು ಮತ್ತೆ ಮಲಗಿದವನನ್ನು ಮಲಗಲು ಬಿಟ್ಟು, ಎರಡನೆಯ ಸಲವೂ ಬಂದನು. ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಎಂದು ಒಪ್ಪಿಕೊಂಡನು. ದೇವರ ಮಾತು, ಮುಂದಿನ ಕೆಲಸ, ಜೊತೆಗೆ ಎಲೀಷ, ಇವೆಲ್ಲ ಬಂದದ್ದು ಆಮೇಲೆ. ಮೊದಲು ರೊಟ್ಟಿ, ನಿದ್ರೆ, ಒಂದು ಕೈ. ನಾವು ಹಿಡಿಯಬೇಕಾದ ಕ್ರಮವೂ ಇದೇ.

ಹಾಗಾದರೆ ಮನೆಯಲ್ಲಿ ಏನು ಮಾಡೋಣ? ಹಬ್ಬಕ್ಕೆ ಮೊದಲೇ ಗಂಡ, ಹೆಂಡತಿ, ತಿಳಿವಳಿಕೆ ಬಂದ ಮಕ್ಕಳು ಒಟ್ಟಿಗೆ ಕುಳಿತು ಕೈಯಲ್ಲಿರುವ ಹಣವನ್ನು ಎಣಿಸಿರಿ. ಇಷ್ಟರಲ್ಲಿ ಇಷ್ಟು ಎಂದು ನಿಶ್ಚಯಿಸಿರಿ. ಬಟ್ಟೆಗಾಗಿ ವಾರದ ಕಂತಿನ ಹೊಸ ಸಾಲ ಬೇಡ. ಹಬ್ಬ ಒಂದು ದಿನ, ಕಂತು ವರ್ಷವೆಲ್ಲ. ಕೆಲಸವನ್ನು ಗಂಡಸರೂ ಹಂಚಿಕೊಳ್ಳಿರಿ. ಕುಡಿತದ ಮಾತು ಕೇಳಲು ಕೆಲವರಿಗೆ ಕಹಿ, ಆದರೂ ಹೇಳಲೇಬೇಕು. ಚಳಿ ಎಂದು, ದುಃಖ ಮರೆಯಲೆಂದು ಕುಡಿದವನ ನಿದ್ರೆ ಕೆಡುತ್ತದೆ, ಮನಸ್ಸು ಮರುದಿನ ಇನ್ನೂ ಕುಗ್ಗುತ್ತದೆ. ಮನೆಯವರ ಹಬ್ಬವೂ ಅದರಲ್ಲೇ ಮುಳುಗುತ್ತದೆ.

ಹಾಡಿನ ತಂಡದ ಹುಡುಗರಿಗೆ ಒಂದು ಮಾತು. ಸಾವಾದ ಮನೆಯಲ್ಲಿ ಆ ವರ್ಷ ನಕ್ಷತ್ರ ಕಟ್ಟುವುದಿಲ್ಲ. ಅದನ್ನು ನೋಡಿ, ಅವರಿಗೆ ಹಬ್ಬವಿಲ್ಲವೆಂದು ತಂಡ ಆ ಬಾಗಿಲನ್ನು ದಾಟಿ ಹೋಗುತ್ತದೆ. ಗೌರವದಿಂದಲೇ ಹಾಗೆ ಮಾಡುತ್ತೀರಿ, ನಮಗೆ ಗೊತ್ತು. ಆದರೆ ಕತ್ತಲೆಯಲ್ಲಿ ಒಳಗೆ ಕುಳಿತ ತಾಯಿಗೆ ಪಕ್ಕದ ಮನೆಯ ಹಾಡು ಕೇಳುತ್ತದೆ, ಹೆಜ್ಜೆ ಸಪ್ಪಳ ತನ್ನ ಬಾಗಿಲಿಗೆ ಬಂದು ಮುಂದೆ ಹೋದದ್ದೂ ಕೇಳುತ್ತದೆ. ಈ ಸಲ ದಾಟಿ ಹೋಗಬೇಡಿ. ಹಗಲಲ್ಲೇ ಒಬ್ಬರು ಹೋಗಿ, ಬರಬಹುದೇ ಅಮ್ಮಾ ಎಂದು ಕೇಳಿರಿ. ಬೇಡವೆಂದರೆ ಒತ್ತಾಯ ಬೇಡ. ಬನ್ನಿ ಎಂದರೆ ಡೋಲು ಬಿಟ್ಟು ಹೋಗಿ ಮೆಲ್ಲಗೆ ಒಂದೇ ಹಾಡು ಹಾಡಿರಿ. ಕಾಣಿಕೆ ಡಬ್ಬಿ ಚಾಚಬೇಡಿ. ತೀರಿಕೊಂಡವರ ಹೆಸರು ಹೇಳಿ ಪ್ರಾರ್ಥಿಸಿರಿ. ಹೆಸರೆತ್ತಿದರೆ ಅತ್ತಾರು ಎಂದು ಹೆದರಬೇಡಿ. ಅವರು ಹೇಗೂ ಅಳುತ್ತಿದ್ದಾರೆ. ನಿಮ್ಮೆದುರು ಅತ್ತರೆ ಒಬ್ಬರೇ ಅಳುವುದು ತಪ್ಪುತ್ತದೆ.

ಇನ್ನೊಂದು ವಿಷಯವನ್ನು ಚೆನ್ನಾಗಿ ಗಮನಿಸಿರಿ. ಹಬ್ಬದ ಬೇಸರ ಬರುತ್ತದೆ, ಹೋಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ನಿದ್ರೆ ಊಟ ತಪ್ಪಿದರೆ, ಯಾವುದರಲ್ಲೂ ಮನಸ್ಸಿಲ್ಲದೆ, ತಾನು ಯಾತಕ್ಕೂ ಬೇಡದವನು ಎನ್ನುವಂತಾದರೆ ಅದು ಕಾಯಿಲೆ ಇರಬಹುದು. ಕೆಲವರಿಗೆ ಅದು ತಲೆನೋವು, ಎದೆಭಾರ, ಮೈಕೈ ನೋವಾಗಿ ಕಾಣಿಸುತ್ತದೆ. ಜ್ವರಕ್ಕೆ ಡಾಕ್ಟರ ಹತ್ತಿರ ಹೋಗುವ ನಾವು ಇದಕ್ಕೂ ಹೋಗಬೇಕು. ಇದಕ್ಕೆ ಮದ್ದುಂಟು, ಗುಣವುಂಟು. ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ, ಎರಡಕ್ಕೂ ಜಗಳವಿಲ್ಲ.

ಯಾರಾದರೂ ಸಾಯುವ ಮಾತಾಡಿದರೆ ತಮಾಷೆ ಎಂದು ಬಿಡಬೇಡಿ. ಸಾಯಬೇಕೆನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿರಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಒಳಗಿನ ಭಾರ ಹೊರಗೆ ಬರುತ್ತದೆ. ಅವರನ್ನು ಒಬ್ಬರೇ ಬಿಡಬೇಡಿ. ಕಳೆ ಔಷಧಿ, ಹುಳದ ಔಷಧಿಯನ್ನು ಮನೆಯಲ್ಲಿ ಇಡಲೇಬೇಡಿ. ಅದರ ಜಾಗ ಬೀಗ ಹಾಕಿದ ಸ್ಟೋರು. ಏನಾದರೂ ಕುಡಿದುಬಿಟ್ಟರೆ ಪೊಲೀಸಿಗೆ ಹೆದರಿ ಮುಚ್ಚಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದು ತಿಳಿಯಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾನೂನು ಹೇಳಿದೆ.

14416 ಎಂಬ ನಂಬರನ್ನು ಬಾಗಿಲ ಹಿಂದೆ ಬರೆದಿಡಿ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ ಅದು. ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಕಾಸಿಲ್ಲದೆ ಮಾತಾಡಬಹುದು. ಕನ್ನಡದಲ್ಲೂ ಮಾತಾಡುವವರಿದ್ದಾರೆ.

ಸಹೋದರರೇ, ಸಹೋದರಿಯರೇ, ಮೊದಲನೆಯ ಕ್ರಿಸ್ಮಸ್ಸಿನಲ್ಲಿ ಹೊಸ ಬಟ್ಟೆ ಇರಲಿಲ್ಲ. ಸರ್ಕಾರದ ಆಜ್ಞೆಗೆ ಊರುಬಿಟ್ಟು ನಡೆದು ದಣಿದ ಇಬ್ಬರು, ಛತ್ರದಲ್ಲಿ ಸಿಕ್ಕದ ಜಾಗ, ಒಂದು ಗೋದಲಿ. ಹೊಲದಲ್ಲಿ ರಾತ್ರಿ ಪಾಳಿಯಲ್ಲಿದ್ದ ಕೂಲಿಯವರೇ ಮೊದಲು ನೋಡಲು ಬಂದದ್ದು. ಬರಿಗೈಯಲ್ಲಿ ಬಂದರೂ ಬಂದರಲ್ಲ! ನಾವೂ ಈ ವಾರ ಒಂದು ಮನೆಗೆ ಹಾಗೆ ಹೋಗೋಣ. ಯಾವ ಮನೆ ಎಂಬುದು ನಿಮಗೆ ಗೊತ್ತಿದೆ.