ಗರ್ಭಪಾತ: ಕಾನೂನು ಏನು ಹೇಳುತ್ತದೆ, ಮನಸ್ಸು ಏನು ಕೇಳುತ್ತದೆ



ಇವತ್ತಿನ ಮಾತು ಗರ್ಭಪಾತದ ಬಗ್ಗೆ. ಮನೆಯಲ್ಲಿ ಎಲ್ಲರೂ ಕೂತಿರುವಾಗ ಆಡುವ ಮಾತಲ್ಲ ಇದು ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಎಲ್ಲರೂ ಕೂತು ಮಾತಾಡದೇ ಇದ್ದದ್ದರಿಂದಲೇ ಎಷ್ಟೋ ಹೆಣ್ಣುಮಕ್ಕಳು ಒಬ್ಬೊಬ್ಬರೇ ಕಷ್ಟಪಟ್ಟಿದ್ದಾರೆ.

ನಮ್ಮ ಬೆಳಗಾವಿಯ ಹುಡುಗಿಯೊಬ್ಬಳ ಕತೆಯಿಂದ ಶುರು ಮಾಡೋಣ. ಸವಿತಾ ಹಾಲಪ್ಪನವರ ಎಂಬ ಹೆಸರು ನಿಮಗೆ ನೆನಪಿರಬಹುದು. ದಂತವೈದ್ಯೆ, ವಯಸ್ಸು 31. ಗಂಡನ ಜೊತೆ ಐರ್ಲೆಂಡಿನ ಗಾಲ್ವೇ ಪಟ್ಟಣದಲ್ಲಿದ್ದರು. 2012ರ ಅಕ್ಟೋಬರ್ 21ರಂದು ಬೆನ್ನುನೋವೆಂದು ಅಲ್ಲಿನ ಯೂನಿವರ್ಸಿಟಿ ಆಸ್ಪತ್ರೆಗೆ ಹೋದರು. ಆಗ 17 ವಾರದ ಬಸುರಿ. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರೇ ಹೇಳಿದರು. ಹಾಗಿದ್ದರೆ ಗರ್ಭವನ್ನು ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ, ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. 24ರಂದು ಆ ಎದೆಬಡಿತ ತಾನಾಗಿಯೇ ನಿಂತಿತು. ಅಷ್ಟರಲ್ಲಿ ತಾಯಿಯ ರಕ್ತಕ್ಕೆ ನಂಜು ಏರಿತ್ತು. 28ರಂದು ಸವಿತಾ ತೀರಿಕೊಂಡರು.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಸೋಂಕಿನ ಲಕ್ಷಣಗಳನ್ನು ಹೊತ್ತಿಗೆ ಸರಿಯಾಗಿ ಗಮನಿಸಲಿಲ್ಲ ಎಂದೂ ಮುಂದಿನ ತನಿಖೆಗಳು ಹೇಳಿದವು. ಕಾನೂನೊಂದೇ ಕಾರಣ ಅಲ್ಲ. ಆದರೆ ಕಾನೂನಿನ ಭಯದಿಂದ ವೈದ್ಯರು ಕಾಯುತ್ತಾ ಕೂತರು ಎಂಬುದೂ ಅಷ್ಟೇ ನಿಜ. ಐರ್ಲೆಂಡಿನ ಸಂವಿಧಾನಕ್ಕೆ 1983ರಲ್ಲಿ ಒಂದು ತಿದ್ದುಪಡಿ ಆಗಿತ್ತು. ಗರ್ಭದಲ್ಲಿರುವ ಶಿಶುವಿನ ಪ್ರಾಣಕ್ಕೂ ತಾಯಿಯ ಪ್ರಾಣಕ್ಕೂ ಸಮಾನ ಬೆಲೆ ಎಂದು ಅದು ಸಾರಿತ್ತು. ತಾಯಿಯ ಪ್ರಾಣಕ್ಕೆ ಅಪಾಯ ಬಂದರೆ ಮಾತ್ರ ಗರ್ಭಪಾತ; ಆರೋಗ್ಯಕ್ಕೆ ಅಪಾಯ ಎಂದರೆ ಸಾಲದು. ಹೇಳುವುದಕ್ಕೆ ಸುಲಭ. ಆದರೆ ಆರೋಗ್ಯದ ಅಪಾಯ ಯಾವ ಗಳಿಗೆಯಲ್ಲಿ ಪ್ರಾಣದ ಅಪಾಯ ಆಗುತ್ತದೆ? ಅದನ್ನು ಕಾದು ನೋಡುವುದರಲ್ಲೇ ಪ್ರಾಣ ಹೋಗಬಹುದು.

ಆ ಸಾವು ಒಂದು ದೇಶವನ್ನೇ ಅಲುಗಾಡಿಸಿತು. 2018ರ ಮೇ 25ರಂದು ಐರ್ಲೆಂಡಿನ ಜನ ಮತ ಹಾಕಿ, ನೂರಕ್ಕೆ 66ಕ್ಕೂ ಹೆಚ್ಚು ಮತಗಳಿಂದ ಆ ತಿದ್ದುಪಡಿಯನ್ನು ಕಿತ್ತುಹಾಕಿದರು. ಸವಿತಾಳ ಚಿತ್ರವಿದ್ದ ಡಬ್ಲಿನ್ ನಗರದ ಒಂದು ಗೋಡೆಯ ಮೇಲೆ ಜನ ಚೀಟಿಗಳನ್ನು ಅಂಟಿಸಿ, ಕ್ಷಮೆ ಕೇಳಿ ಹೋದರು.

ಇನ್ನು ನಮ್ಮ ದೇಶಕ್ಕೆ ಬರೋಣ. ಅದೇ ಸವಿತಾ ಬೆಳಗಾವಿಯಲ್ಲೇ ಇದ್ದಿದ್ದರೆ? ಇಬ್ಬರು ವೈದ್ಯರ ಒಪ್ಪಿಗೆ ಸಾಕಾಗಿತ್ತು. ಪ್ರಾಣ ಉಳಿಸುವ ತುರ್ತು ಇದ್ದರೆ ಒಬ್ಬರೇ ಸಾಕು. ಶಾಂತಿಲಾಲ್ ಷಾ ಸಮಿತಿಯ ವರದಿಯ ಮೇಲೆ 1971ರಲ್ಲಿ ನಮ್ಮ ಸಂಸತ್ತು ವೈದ್ಯಕೀಯ ಗರ್ಭಪಾತ ಕಾಯ್ದೆ ಮಾಡಿತು. ಕದ್ದುಮುಚ್ಚಿ, ಕೈಗೆ ಸಿಕ್ಕವರ ಹತ್ತಿರ ಮಾಡಿಸಿಕೊಂಡು ಹೆಂಗಸರು ಸಾಯುತ್ತಿದ್ದಾರೆ, ಅದನ್ನು ತಪ್ಪಿಸಬೇಕು ಎಂಬುದು ಅದರ ಮುಖ್ಯ ಕಾಳಜಿ.

2021ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ಆಯಿತು. ಈಗ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ, ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತ ವಯಸ್ಸಿನವರು, ಬಸುರಿಯಾಗಿರುವಾಗಲೇ ವಿಧವೆಯಾದವರು, ಹೀಗೆ ಕೆಲವು ವರ್ಗದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಅವಕಾಶ ಇದೆ. 24 ವಾರ ದಾಟಿ ಭ್ರೂಣದಲ್ಲಿ ಗಂಭೀರ ದೋಷ ಕಂಡರೆ ವೈದ್ಯಕೀಯ ಮಂಡಳಿ ತೀರ್ಮಾನ ಮಾಡುತ್ತದೆ. ಮೊದಲು ಗರ್ಭನಿರೋಧಕ ಸೋತಿತು ಎಂಬ ಕಾರಣವನ್ನು ವಿವಾಹಿತೆ ಮಾತ್ರ ಕೊಡಬಹುದಿತ್ತು. ಈಗ ಯಾವ ಮಹಿಳೆಯಾದರೂ ಕೊಡಬಹುದು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 24 ವಾರದ ಅವಕಾಶ ಅವಿವಾಹಿತೆಗೂ ಇದೆ ಎಂದಿತು. ಈ ಕಾಯ್ದೆಯ ಮಟ್ಟಿಗೆ ಗಂಡನ ಬಲಾತ್ಕಾರವೂ ಅತ್ಯಾಚಾರವೇ ಎಂದಿತು.

ಕೇಳಲು ಚೆನ್ನಾಗಿದೆ. ಆದರೆ ಇದರ ಒಳಗೆ ಒಂದು ಗಂಟು ಇದೆ. ನಮ್ಮಲ್ಲಿ ಗರ್ಭಪಾತ ಇವತ್ತಿಗೂ ಹುಟ್ಟಿನಿಂದ ಅಪರಾಧವೇ. ಹಳೆಯ ದಂಡಸಂಹಿತೆಯಲ್ಲಿ 312ನೇ ಕಲಮು. 2024ರ ಜುಲೈನಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲಿ 88ನೇ ಕಲಮು. 1971ರ ಕಾಯ್ದೆ ಆ ಅಪರಾಧದಿಂದ ವೈದ್ಯರಿಗೆ ರಕ್ಷಣೆ ಕೊಡುತ್ತದೆ. ಅಂದರೆ ನಿರ್ಧಾರ ವೈದ್ಯರ ಅಭಿಪ್ರಾಯದ ಮೇಲೆ ನಿಂತಿದೆ, ಮಹಿಳೆಯ ಹಕ್ಕಿನ ಮೇಲಲ್ಲ. ಆಕೆ ಕೇಳಬಹುದು, ಕೊಡುವವರು ಬೇರೆ.

ಈ ಗಂಟು 2023ರ ಅಕ್ಟೋಬರಿನಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಎರಡು ಮಕ್ಕಳ ತಾಯಿ, ವಯಸ್ಸು 27. ಎರಡನೆಯ ಮಗುವಿಗೆ ಇನ್ನೂ ಹಾಲುಣಿಸುತ್ತಿದ್ದುದರಿಂದ ಮುಟ್ಟು ಬಂದಿರಲಿಲ್ಲ. ಹಾಗಾಗಿ ಬಸುರಿಯಾದದ್ದೇ ತಡವಾಗಿ ತಿಳಿಯಿತು. ಬಾಣಂತನದ ನಂತರದ ಖಿನ್ನತೆಗೆ ಔಷಧಿ ನಡೆದಿತ್ತು. ಸುಪ್ರೀಂ ಕೋರ್ಟಿನ ಇಬ್ಬರು ಮಹಿಳಾ ನ್ಯಾಯಮೂರ್ತಿಗಳು ಮೊದಲು ಅನುಮತಿ ಕೊಟ್ಟರು. ಆಮೇಲೆ, ಈ ಭ್ರೂಣ ಬದುಕುವ ಸಾಧ್ಯತೆ ಇದೆ ಎಂದು ದೆಹಲಿಯ ಏಮ್ಸ್ ಆಸ್ಪತ್ರೆಯಿಂದ ಪತ್ರ ಬಂತು. ಆಗ ನ್ಯಾಯಮೂರ್ತಿ ಹಿಮಾ ಕೊಹ್ಲಿ ಅವರ ಮನಸ್ಸು ಒಪ್ಪಲಿಲ್ಲ. ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ಆ ತಾಯಿ ಯೋಚಿಸಿ ಮಾಡಿದ ನಿರ್ಧಾರಕ್ಕೆ ಗೌರವ ಕೊಡಬೇಕು ಎಂದರು. ಕೊನೆಗೆ ಮೂವರ ಪೀಠ ಅಕ್ಟೋಬರ್ 16ರಂದು ಅನುಮತಿ ನಿರಾಕರಿಸಿತು. 26 ವಾರ ದಾಟಿದೆ, ತಾಯಿಗೆ ತಕ್ಷಣದ ಅಪಾಯವಿಲ್ಲ, ಭ್ರೂಣಕ್ಕೆ ದೋಷವಿಲ್ಲ ಎಂಬುದು ಕಾರಣ.

ಆ ಇಬ್ಬರಲ್ಲಿ ಯಾರನ್ನು ಕಟುಕರು ಎನ್ನೋಣ? ಯಾರನ್ನೂ ಅನ್ನಲಾಗದು. ಒಬ್ಬರಿಗೆ ಎದೆಬಡಿತ ಕೇಳಿಸಿತು, ಇನ್ನೊಬ್ಬರಿಗೆ ತಾಯಿಯ ಮಾತು ಕೇಳಿಸಿತು. ಈ ಚರ್ಚೆಯ ಕಷ್ಟ ಇರುವುದು ಅಲ್ಲೇ.

ಗರ್ಭದಲ್ಲಿರುವುದೂ ಜೀವವೇ ಎಂಬ ಭಾವನೆ ನಮಗೆ ಹೊಸದಲ್ಲ. ವಿಶಾಖಪಟ್ಟಣದ ಸಿಂಹಾಚಲಂ ಬೆಟ್ಟಕ್ಕೆ ಹೋಗಿ ಬಂದವರು ನಿಮ್ಮಲ್ಲಿ ಎಷ್ಟೋ ಜನ ಇರಬಹುದು. ವರಾಹ ನರಸಿಂಹನ ಆ ಕ್ಷೇತ್ರದ ಕತೆ ಪ್ರಹ್ಲಾದನ ಕತೆ. ತಾಯಿಯ ಹೊಟ್ಟೆಯೊಳಗಿಂದಲೇ ನಾರದರ ಉಪದೇಶ ಕೇಳಿದ ಮಗು ಅವನು. ಭ್ರೂಣದ ಪರ ವಾದಿಸುವವರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ಆದರೆ ಆ ಕತೆಯಲ್ಲಿ ಕಯಾಧು ಎಂಬ ತಾಯಿಯೂ ಇದ್ದಾಳೆ. ಇಂದ್ರ ಅವಳನ್ನು ಎಳೆದೊಯ್ಯುವಾಗ ನಾರದರು ಬಿಡಿಸಿ, ಆಶ್ರಮದಲ್ಲಿ ಆಸರೆ ಕೊಟ್ಟರು. ತಾನು ಬಯಸಿದ ಕಾಲಕ್ಕೇ ಹೆರಿಗೆಯಾಗಲಿ ಎಂಬುದು ಅವಳ ಆಸೆಯಾಗಿತ್ತು ಎಂದು ಭಾಗವತ ಹೇಳುತ್ತದೆ. ಪುರಾಣದಿಂದ ಕಾನೂನು ತೆಗೆಯಲಾಗದು, ನಿಜ. ಆದರೆ ಮಗುವಿನ ಕ್ಷೇಮವನ್ನೂ ತಾಯಿಯ ಇಚ್ಛೆಯನ್ನೂ ಒಟ್ಟಿಗೆ ನೆನೆದವರು ನಮ್ಮ ಹಿರಿಯರು ಎಂಬುದನ್ನು ನಾವು ಮರೆಯಬಾರದು.

ಇನ್ನೊಂದು ಆಕ್ಷೇಪಣೆ ಇದೆ. ಹಕ್ಕು ಅಂತ ಕೊಟ್ಟರೆ ಹೆಣ್ಣು ಭ್ರೂಣಗಳ ಗತಿ ಏನು? ಈ ಭಯ ಸುಳ್ಳಲ್ಲ. ದೇಶದಲ್ಲಿ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು, 2001ಕ್ಕೆ ಅದು 927ಕ್ಕೆ ಇಳಿಯಿತು. ಮಂಡ್ಯದ ಕಡೆ ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದ ಪ್ರಕರಣ 2023ರಲ್ಲಿ ಬಯಲಿಗೆ ಬಂತು. ಬೆಲ್ಲ ಬೇಯಬೇಕಾದ ಜಾಗ ಅದು! ಆದರೆ ಅದಕ್ಕೆ 1994ರ ಬೇರೆ ಕಾನೂನೇ ಇದೆ. ಅಲ್ಲಿ ಅಪರಾಧ ಲಿಂಗ ಪತ್ತೆ. ಅಷ್ಟೇ ಅಲ್ಲ, ಹೆಣ್ಣು ಬೇಡ ಎಂಬ ನಿರ್ಧಾರದ ಹಿಂದೆ ಅನೇಕ ಸಲ ಅತ್ತೆಮನೆಯ ಒತ್ತಡ ಇರುತ್ತದೆ. ಬೇಕೆಂದವಳಿಗೆ ತೆಗೆಸು ಎನ್ನುವುದೂ ಬೇಡವೆಂದವಳಿಗೆ ಹೆರು ಎನ್ನುವುದೂ ಒಂದೇ ರೋಗದ ಎರಡು ಮುಖ. ಎರಡರಲ್ಲೂ ಅವಳನ್ನು ಕೇಳಿದವರಿಲ್ಲ.

ಕೊನೆಗೆ, ಗುರುತು ಹಾಕಿಕೊಳ್ಳಬೇಕಾದ ಎರಡು ಮಾತು. ವಯಸ್ಸು 18 ತುಂಬಿದ ಮಹಿಳೆಗೆ ತನ್ನ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಬೇಕೆಂದು ಕಾಯ್ದೆ ಎಲ್ಲೂ ಹೇಳಿಲ್ಲ. ಆಕೆಯ ಹೆಸರು, ವಿವರ ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಕಾನೂನು ತಿಳಿದ ವೈದ್ಯರ ಹತ್ತಿರ, ಸರ್ಕಾರಿ ಅಥವಾ ಮಾನ್ಯತೆ ಇರುವ ಆಸ್ಪತ್ರೆಗೇ ಹೋಗಬೇಕು, ಹೊತ್ತು ಮೀರುವ ಮುಂಚೆ ಹೋಗಬೇಕು.

ಗರ್ಭಪಾತ ಸರಿಯೋ ತಪ್ಪೋ ಎಂಬುದಕ್ಕೆ ನಿಮ್ಮ ಉತ್ತರ ನಿಮ್ಮದು. ನಿಮ್ಮ ಮನೆಯ ಮಗಳೋ ಸೊಸೆಯೋ ಈ ಮಾತು ಎತ್ತಿದ ದಿನ, ಉತ್ತರ ಕೊಡುವ ಮೊದಲು ಅವಳ ಮಾತನ್ನು ಪೂರ್ತಿ ಕೇಳಿ. ಸವಿತಾಳ ವಿಷಯದಲ್ಲಿ ಆಗದೇ ಹೋದದ್ದು ಅದೇ.