ಸ್ವಂತ ಜಿಲ್ಲೆಯಲ್ಲಿ ಎರಡು ದಿನ
(ವಾರಾಂತ್ಯದ ವಾಹನ ಪ್ರವಾಸ ಮತ್ತು ಚಿಕ್ಕಮಗಳೂರಿನ ಗಿರಿಶ್ರೇಣಿ ಕುರಿತ ಉಪನ್ಯಾಸದ ಪಠ್ಯ)



ಗಾಡಿಯಲ್ಲೇ ಅಡುಗೆ, ಗಾಡಿಯಲ್ಲೇ ನಿದ್ದೆ ಎಂಬ ಪ್ರವಾಸ ಈ ನೆಲಕ್ಕೆ ಹೊಸದಲ್ಲ. ಬಯಲುಸೀಮೆಯ ರೈತ ಕುಟುಂಬಗಳು ಜಾತ್ರೆಗೆ ಹೊರಡುವಾಗ ಎತ್ತಿನ ಗಾಡಿಗೆ ಬಿದಿರ ತಟ್ಟಿಯ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿ, ಬುತ್ತಿ, ಪಾತ್ರೆ, ಮಕ್ಕಳು ಎಲ್ಲವನ್ನೂ ತುಂಬಿಕೊಂಡು ಹೋಗುತ್ತಿದ್ದವು. ರಾತ್ರಿ ತೋಪಿನಲ್ಲಿ ಗಾಡಿ ಬಿಟ್ಟು, ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಿದ್ದವು. ಅದಕ್ಕೂ ಹಿಂದೆ ಲಂಬಾಣಿಗಳು ಎತ್ತುಗಳ ಬೆನ್ನ ಮೇಲೆ ಹೇರು ಹಾಕಿ, ಕರಾವಳಿಯ ಉಪ್ಪನ್ನು ಘಟ್ಟದ ಮೇಲಕ್ಕೂ ಬಯಲಿನ ಧಾನ್ಯವನ್ನು ಕೆಳಕ್ಕೂ ಸಾಗಿಸುತ್ತ, ಸಂಸಾರ ಸಮೇತ ಇದೇ ಕಣಿವೆಗಳನ್ನು ದಾಟಿದರು. ಈಗ ಕಮಾನು ಗಾಡಿಯ ಜಾಗಕ್ಕೆ ಕ್ಯಾರವಾನ್ ಬಂದಿದೆ. ಮಲಗುವ ಹಲಗೆ, ಒಲೆ, ನೀರಿನ ತೊಟ್ಟಿ, ಶೌಚದ ಪೆಟ್ಟಿಗೆ ಎಲ್ಲವೂ ಒಂದೇ ವಾಹನದೊಳಗೆ. ನೆರೆಯ ಕೇರಳವು 2021ರಲ್ಲಿ ಇದಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಕರ್ನಾಟಕದಲ್ಲಿಯೂ ಇಂತಹ ವಾಹನಗಳು ಬಾಡಿಗೆಗೆ ದೊರೆಯುತ್ತವೆ.

ಜಾತ್ರೆಯ ಗಾಡಿ ಹೊರಟ ಮೇಲೆ ತೋಪಿನಲ್ಲಿ ಉಳಿಯುತ್ತಿದ್ದುದು ಸಗಣಿ, ಬೂದಿ ಮತ್ತು ಮುತ್ತುಗದ ಎಲೆ. ಕ್ಯಾರವಾನ್ ಹೊರಟ ಮೇಲೆ ಉಳಿಯುವುದೇನು ಎಂಬುದನ್ನು ಮುಂದೆ ನೋಡಬಹುದು. ಅದಕ್ಕೆ ಮೊದಲು, ಇಂತಹ ಗಾಡಿಯೊಂದು ಶನಿವಾರ ಬೆಳಗ್ಗೆ ಕಡೂರಿನಿಂದ ಹೊರಟಿದೆ ಎಂದುಕೊಳ್ಳಿ. ಒಳಗಿರುವವರು ಬೆಂಗಳೂರಿನವರಲ್ಲ, ಇದೇ ಜಿಲ್ಲೆಯವರು. ತಮ್ಮ ಜಿಲ್ಲೆಯನ್ನು ಒಮ್ಮೆ ಪೂರ್ತಿ ನೋಡಬೇಕೆಂಬ ಆಸೆ ಅವರದು. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಊಟಿಯನ್ನೂ ಗೋವೆಯನ್ನೂ ಕಂಡು, ಅಯ್ಯನಕೆರೆಯನ್ನು ಕಾಣದ ವಿದ್ಯಾರ್ಥಿಗಳು ಜಿಲ್ಲೆಯ ಪ್ರತಿ ಕಾಲೇಜಿನಲ್ಲಿಯೂ ಇದ್ದಾರೆ.

ಚಿಕ್ಕಮಗಳೂರು ಎಂದೊಡನೆ ಕಾಫಿ ಮತ್ತು ಮಂಜು ಎನ್ನುವವರಿಗೆ ಈ ಮೊದಲ ಗಂಟೆಯ ದಾರಿ ಒಂದು ಪಾಠ. ಕಡೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದೇ ಜಿಲ್ಲೆಯ ಶೃಂಗೇರಿಯಲ್ಲಿ 3,000 ಮಿಲಿಮೀಟರನ್ನೂ ಮೀರುತ್ತದೆ. ಒಂದು ತುದಿಯಲ್ಲಿ ಅಜ್ಜಂಪುರದ ಅಮೃತಮಹಲ್ ರಾಸುಗಳು, ಬಾಸೂರು ಕಾವಲಿನ ಕೃಷ್ಣಮೃಗಗಳು; ಇನ್ನೊಂದು ತುದಿಯಲ್ಲಿ ಸಿಂಗಳೀಕಗಳಿರುವ ಕಾಡು. ಒಂದೇ ದಿನದಲ್ಲಿ ಕ್ರಮಿಸಬಹುದಾದ ದಾರಿಯಲ್ಲಿ ಎರಡು ಲೋಕಗಳು. ಕಾವಲಿನ ಮುಂದೆ ಯಾವ ಪ್ರವಾಸಿಯೂ ಗಾಡಿ ನಿಲ್ಲಿಸುವುದಿಲ್ಲ. ಒಣಹುಲ್ಲಿನ ಬಯಲು ಚಿತ್ರಕ್ಕೆ ಚೆನ್ನಾಗಿ ಬೀಳದು.

ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಏರಿಯ ಮೇಲೆ ನಿಂತರೆ, ಎದುರಿಗೆ ಬಾಬಾಬುಡನ್ ಗಿರಿಯ ಪೂರ್ವದ ಇಳಿಜಾರು ಪೂರ್ತಿಯಾಗಿ ಕಾಣುತ್ತದೆ. ಜಿಲ್ಲೆಯ ಭೂಗೋಳವನ್ನು ಅರಿಯಲು ಇದಕ್ಕಿಂತ ಉತ್ತಮ ಜಾಗವಿಲ್ಲ. ಆ ಇಳಿಜಾರಿನಲ್ಲಿ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಹುಟ್ಟಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ವೇದಾವತಿ ಹರಿದು ಹೋಗಿ ಹಿರಿಯೂರಿನ ಮಾರಿಕಣಿವೆಯನ್ನು, ಎಂದರೆ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವನ್ನು, ತುಂಬಿಸುತ್ತದೆ. 1933ರ ನಂತರ ಆ ಜಲಾಶಯ ಕೋಡಿ ಹರಿದದ್ದು 2022ರಲ್ಲಿ, ಅದೂ ಒಳ್ಳೆಯ ಮಳೆಗೆ ಭದ್ರಾ ಮೇಲ್ದಂಡೆಯ ನೀರು ಸೇರಿದಾಗ. ಅದೇ ಗಿರಿಸಾಲಿನಿಂದ ಹೊರಡುವ ಯಗಚಿ ದಕ್ಷಿಣಕ್ಕೆ ತಿರುಗಿ ಹೇಮಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಪಶ್ಚಿಮದ ಇಳಿಜಾರಿನ ನೀರು ಭದ್ರೆಗೆ ಹೋಗುತ್ತದೆ. ಹೀಗೆ ಒಂದೇ ಬೆಟ್ಟದ ಹುಲ್ಲಿನ ಮೇಲೆ ಬಿದ್ದ ಮಳೆ ಕೃಷ್ಣೆಗೂ ಸಲ್ಲುತ್ತದೆ, ಕಾವೇರಿಗೂ ಸಲ್ಲುತ್ತದೆ.

ಹುಲ್ಲು ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರದ, ರಾಜ್ಯದ ಅತಿ ಎತ್ತರದ ಶಿಖರ. ಅದರ ಮೈಯೆಲ್ಲ ಹುಲ್ಲು. ಕಣಿವೆಯ ಮಡಿಲುಗಳಲ್ಲಿ ಮಾತ್ರ ಶೋಲಾ ಕಾಡು. ನೋಡಿದವರು "ಮರವಿಲ್ಲದ ಬೋಳುಗುಡ್ಡ" ಎನ್ನುತ್ತಾರೆ. ಆದರೆ ಅಲ್ಲಿನ ತೆಳುಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರಿನ ಹೆಣಿಗೆಯೇ. ಮಳೆಯ ಹೊಡೆತವನ್ನು ತಡೆದು, ನೀರನ್ನು ನಿಧಾನವಾಗಿ ಇಂಗಿಸಿ, ಕೆಳಗಿನ ಶೋಲಾಗಳಿಗೆ ಒಸರಾಗಿ ಬಿಟ್ಟುಕೊಡುವುದು ಅದರ ಕೆಲಸ. ಇಂತಹ ಹುಲ್ಲಿನ ಮೇಲೆ ಒಂದು ಜೀಪು ಒಮ್ಮೆ ಹಾದರೆ ಹುಲ್ಲು ಬಾಗಿ ಮತ್ತೆ ಎದ್ದೀತು. ದಿನವೂ ಹಾದರೆ ಗಾಲಿಯ ಅಡಿಯ ಮಣ್ಣು ಗಟ್ಟಿಯಾಗುತ್ತದೆ, ಹುಲ್ಲು ಸಾಯುತ್ತದೆ. ಮಳೆಗಾಲದಲ್ಲಿ ಆ ಎರಡು ಗೆರೆಗಳೇ ನೀರಿನ ದಾರಿಯಾಗುತ್ತವೆ. ಮೊದಲ ವರ್ಷ ಗೆರೆ, ಮುಂದೆ ಕಾಲುವೆ, ಆಮೇಲೆ ಕೊರಕಲು. ಕುರಿಂಜಿ ಅರಳಿದ ವರ್ಷಗಳಲ್ಲಿ ಹೂವಿನ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳಲು ಹೋಗುವ ಕಾಲುಗಳೂ ಇದೇ ಕೆಲಸ ಮಾಡುತ್ತವೆ.

ನಮ್ಮ ಕಥೆಯ ಗಾಡಿ ಈಗ ಕೈಮರದ ತನಿಖಾ ಠಾಣೆಯ ಬಳಿ ಸಾಲಿನಲ್ಲಿ ನಿಂತಿದೆ. 2025ರ ಸೆಪ್ಟೆಂಬರಿನಲ್ಲಿ ಜಿಲ್ಲಾಡಳಿತವು ಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಆನ್‌ಲೈನ್ ಮುಂಗಡ ನೋಂದಣಿಯನ್ನು ಜಾರಿಗೆ ತಂದಿತು. ಬೆಳಗಿನ ಹೊತ್ತಿಗೆ 600 ವಾಹನ, ಮಧ್ಯಾಹ್ನದ ನಂತರ 600 ವಾಹನ ಎಂಬ ಮಿತಿಯನ್ನೂ ಹಾಕಿತು. ಇದು ಸ್ವಾಗತಾರ್ಹ. ನೀಲಗಿರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2024ರ ಮೇ ತಿಂಗಳಿನಿಂದ ಇ-ಪಾಸ್ ಬಂತು. ಇಲ್ಲಿ ನ್ಯಾಯಾಲಯದ ಚಾಟಿಯೇಟಿಗೆ ಕಾಯಬೇಕಾಗಲಿಲ್ಲ ಎಂಬುದು ಸಮಾಧಾನ. ಆದರೆ ಲೆಕ್ಕ ಹಾಕಿ ನೋಡಿ. ದಿನಕ್ಕೆ 1,200 ವಾಹನ, ವಾಹನಕ್ಕೆ ನಾಲ್ವರೆಂದರೂ ಸುಮಾರು ಐದು ಸಾವಿರ ಜನ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತವಿರುವ ಕಿರಿದಾದ ರಸ್ತೆಗೆ ಇದು ಮಿತಿಯೋ, ಆಹ್ವಾನವೋ? ಎದುರಾದ ಎರಡು ಕಾರುಗಳು ಪಕ್ಕಕ್ಕೆ ಸರಿಯುವುದೆಂದರೆ ಹುಲ್ಲಿನ ಮೇಲಕ್ಕೆ ಹತ್ತುವುದೆಂದೇ ಅರ್ಥ.

ಕೈಮರದಿಂದ ಮೇಲಕ್ಕೆ ಖಾಸಗಿ ವಾಹನವೇ ಬೇಡ; ಗಾಡಿಗಳನ್ನು ಕೆಳಗೆ ನಿಲ್ಲಿಸಿ, ಸಣ್ಣ ಬಸ್ಸುಗಳಲ್ಲಿ ಜನರನ್ನು ಕರೆದೊಯ್ಯಲಿ. ಹಾಗೆ ಮಾಡಿದರೆ ನೋಡುವವರ ಸಂಖ್ಯೆ ಕಡಿಮೆಯಾಗಬೇಕಿಲ್ಲ, ಗಾಲಿಗಳ ಸಂಖ್ಯೆ ಮಾತ್ರ ಕಡಿಮೆಯಾಗುತ್ತದೆ. ಜೀಪು ಓಡಿಸಿ ಬದುಕುವ ಸ್ಥಳೀಯ ಯುವಕರ ಪಾಡೇನು ಎಂಬ ಪ್ರಶ್ನೆ ಏಳುತ್ತದೆ, ಏಳಲೇಬೇಕು. ಆ ಬಸ್ಸುಗಳನ್ನು ಓಡಿಸುವ ಕೆಲಸ ಅವರಿಗೇ ದೊರೆಯದಿದ್ದರೆ ಈ ಸುಧಾರಣೆ ಒಂದು ಋತುವೂ ಬಾಳದು. ಹಾಲು, ತರಕಾರಿ, ಶಾಲೆ, ಆಸ್ಪತ್ರೆಗಾಗಿ ಅದೇ ರಸ್ತೆಯನ್ನು ನಂಬಿರುವ ಮೇಲಿನ ಊರಿನವರಿಗೂ ತೋಟದ ಕಾರ್ಮಿಕರಿಗೂ ಯಾವ ನೋಂದಣಿಯೂ ಅಡ್ಡಬರಬಾರದು. ಭಾನುವಾರದ ಸಾಲಿನಲ್ಲಿ ಸಿಕ್ಕಿಕೊಂಡ ಬಸುರಿಗೆ ಮುಳ್ಳಯ್ಯನಗಿರಿಯ ಸೂರ್ಯಾಸ್ತದಿಂದ ಆಗಬೇಕಾದದ್ದೇನೂ ಇಲ್ಲ.

ಇನ್ನು ರಾತ್ರಿಯ ತಂಗುವಿಕೆ. ಕ್ಯಾರವಾನಿನ ವಿಚಾರದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಅದರ ಶೌಚದ ಪೆಟ್ಟಿಗೆ. ಎರಡು ದಿನಕ್ಕೊಮ್ಮೆಯಾದರೂ ಅದನ್ನು ಖಾಲಿ ಮಾಡಬೇಕು. ಅದರಲ್ಲಿರುವುದು ಮಲ ಮಾತ್ರವಲ್ಲ, ವಾಸನೆ ತಡೆಯಲು ಹಾಕಿದ ರಾಸಾಯನಿಕವೂ ಇರುತ್ತದೆ. ಜೊತೆಗೆ ಪಾತ್ರೆ ತೊಳೆದ ಸೋಪಿನ ನೀರು. ಇದನ್ನು ಸುರಿಯಲು ವ್ಯವಸ್ಥೆಯಿರುವ ಜಾಗ ದಾರಿಯಲ್ಲಿ ಇಲ್ಲದಿದ್ದರೆ ಕತ್ತಲಾದ ಮೇಲೆ ಅದು ಸೇರುವುದು ಹಳ್ಳಕ್ಕೆ. ಆ ಹಳ್ಳದ ಕೆಳಗಡೆ ಒಂದು ಊರಿನ ಕುಡಿಯುವ ನೀರಿನ ಕಟ್ಟೆ ಇರುತ್ತದೆ. ಆದ್ದರಿಂದ ತಂಗುವ ಗಾಡಿಗಳು ಪಟ್ಟಣಗಳ ಅಂಚಿನಲ್ಲಿಯೋ, ಶೌಚಗುಂಡಿಯ ವ್ಯವಸ್ಥೆಯಿರುವ ತೋಟದ ಮನೆಗಳ ಅಂಗಳದಲ್ಲಿಯೋ ನಿಲ್ಲಬೇಕು. ಹೊಳೆಯ ದಡ ಮತ್ತು ಕಾಡಿನಂಚು ವರ್ಜ್ಯವಾಗಬೇಕು. ಗ್ರಾಮ ಪಂಚಾಯತಿಗಳು ಒಂದು ನಿರ್ಣಯ ಮಾಡಿ ಫಲಕ ನೆಡುವುದರಿಂದಲೇ ಇದನ್ನು ಆರಂಭಿಸಬಹುದು.

ಭದ್ರಾ ಅಭಯಾರಣ್ಯದ ಅಂಚಿನಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಆ ಕಾಡಿನೊಳಗಿದ್ದ ಹಳ್ಳಿಗಳ ಕುಟುಂಬಗಳು 2000ದ ದಶಕದ ಆರಂಭದಲ್ಲಿ ಮನೆ, ಗದ್ದೆ, ದೈವದ ಬನ ಬಿಟ್ಟು ಹೊರಬಂದವು. ಕಾಡಿಗೆ ನೆಮ್ಮದಿ ಬೇಕೆಂದು ಊರನ್ನೇ ತೊರೆದವರು ಅವರು. ಅದೇ ಕಾಡಿನ ಅಂಚಿನಲ್ಲಿ ಶನಿವಾರ ರಾತ್ರಿ ಜನರೇಟರ್ ಹಚ್ಚಿ ಹಾಡು ಹಾಕುವವರಿಗೆ ಈ ಇತಿಹಾಸ ತಿಳಿದಿರುವುದಿಲ್ಲ. ತಿಳಿಸುವ ಹೊಣೆ ಊರಿನವರ ಮೇಲೆ ಬೀಳುತ್ತದೆ.

ಭಾನುವಾರದ ದಾರಿ ಬಾಳೆಹೊನ್ನೂರಿನ ಮೇಲೆ ಭದ್ರೆಯ ಜೊತೆಜೊತೆಗೇ ಕಳಸಕ್ಕೆ, ಅಲ್ಲಿಂದ ಕುದುರೆಮುಖಕ್ಕೆ. ಕುದುರೆಮುಖ ಪಟ್ಟಣವನ್ನು ವಿದ್ಯಾರ್ಥಿಗಳು ಅಗತ್ಯವಾಗಿ ನೋಡಬೇಕು. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರಿನ ಕಂಪನಿಗಾಗಿ ಕಟ್ಟಿದ ಊರು ಅದು. ಮಳೆನಾಡಿನ ನಟ್ಟನಡುವೆ, ನದಿಯ ಮೂಲದಲ್ಲಿ ನಡೆದ ಆ ಗಣಿಗಾರಿಕೆಯ ವಿರುದ್ಧ ದೀರ್ಘ ಹೋರಾಟ ನಡೆಯಿತು. 2002ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. 2005ರ ಕೊನೆಗೆ ಗಣಿ ನಿಂತಿತು. ಲಕ್ಯಾ ಅಣೆಕಟ್ಟೆಯ ಹಿಂದೆ ಗಣಿಯ ಹೂಳು ಇಂದಿಗೂ ಕೂತಿದೆ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಗೆ ಸೇರಿಸಿದಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಅದರಲ್ಲಿತ್ತು.

ಉದ್ಯಾನದ ರಸ್ತೆಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ತಿಂಡಿಯ ಪೊಟ್ಟಣ ಒಡೆದು ಮಂಗಗಳಿಗೆ ಎಸೆಯುವವರಿಂದಾಗಿ ಈ ನಿಯಮ ಎಷ್ಟು ಅಗತ್ಯವೆಂಬುದು ಅಲ್ಲಿ ಹೋದವರಿಗೆಲ್ಲ ತಿಳಿದಿದೆ. ರಸ್ತೆಯ ಬದಿಗೆ ಇಳಿಯಲು ಕಲಿತ ಮಂಗ ಗಾಲಿಗೆ ಸಿಕ್ಕುವುದಕ್ಕೆ ಹೆಚ್ಚು ದಿನ ಬೇಡ. ಮುಂಗಾರಿನ ಮೊದಲ ಸಂಜೆಗಳಲ್ಲಿ ಕಪ್ಪೆಗಳೂ ಹಾವುಗಳೂ ಡಾಂಬರಿನ ಮೇಲೆ ಬರುತ್ತವೆ. ಆ ಹೊತ್ತಿನಲ್ಲಿ ವೇಗ ಇಳಿಸುವುದೊಂದೇ ಉಪಾಯ.

ಹಿಂದಿರುಗುವ ದಾರಿ ಹೇಮಾವತಿ ಹುಟ್ಟುವ ಜಾವಳಿಯ ಕಡೆಯಿಂದ ಕೊಟ್ಟಿಗೆಹಾರಕ್ಕೆ. ಅಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿದೆ. ಸ್ಕೂಟರಿನಲ್ಲಿ ಈ ಸೀಮೆಯನ್ನು ಸುತ್ತಿದ ಅವರಿಗೆ ಮಲಗುವ ಹಲಗೆಯಿರುವ ವಾಹನ ಬೇಕಾಗಿರಲಿಲ್ಲ ಎಂದು ನೆನೆದರೆ ತುಸು ನಗೆಯೂ ಬರುತ್ತದೆ. ಕೊಟ್ಟಿಗೆಹಾರದಿಂದ ಕೆಳಕ್ಕಿಳಿಯುವ ಚಾರ್ಮಾಡಿ ಘಾಟಿ 2019ರ ಆಗಸ್ಟ್ ಮಳೆಯಲ್ಲಿ ಹಲವೆಡೆ ಕುಸಿದು ಸಂಚಾರ ನಿಂತಿತ್ತು. ಮಳೆಗಾಲದಲ್ಲಿ ಭಾರದ, ಉದ್ದದ ಗಾಡಿಗೆ ಅದು ತಕ್ಕ ದಾರಿಯಲ್ಲ.

ಮುಂದಿನ ಮೂರು ವಾರಾಂತ್ಯಗಳಲ್ಲಿ ಕಾಲೇಜಿನ ವಿದ್ಯಾರ್ಥಿಗಳು ಎರಡೆರಡು ಜನರಾಗಿ ಕೈಮರದಲ್ಲಿಯೂ ಕೊಟ್ಟಿಗೆಹಾರದಲ್ಲಿಯೂ ಕುಳಿತು ವಾಹನಗಳನ್ನು ಎಣಿಸಬಹುದು. ಗಂಟೆಗೆ ಎಷ್ಟು, ಯಾವ ಬಗೆಯವು, ಎಷ್ಟು ಹೊತ್ತು ಸಾಲು ನಿಂತಿತು, ಆಂಬುಲೆನ್ಸ್ ಬಂದರೆ ಎಷ್ಟು ನಿಮಿಷ ತಡವಾಯಿತು ಎಂಬುದನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಲಿ. ಊರಿನ ಹಿರಿಯರು ಯಾವ ಒಸರು ಯಾವ ತಿಂಗಳಲ್ಲಿ ಬತ್ತುತ್ತಿತ್ತು, ಈಗ ಯಾವಾಗ ಬತ್ತುತ್ತಿದೆ ಎಂಬುದನ್ನು ಅದೇ ಪುಸ್ತಕಕ್ಕೆ ಹೇಳಿ ಬರೆಸಲಿ. ಗ್ರಾಮಸಭೆ ನಡೆಯುವ ದಿನ ಆ ಪುಸ್ತಕ ಮೇಜಿನ ಮೇಲಿರಲಿ.