ಹ್ಯಾಮ್ಲೆಟ್ ನಾಟಕದ ಪ್ರಾರ್ಥನಾ ದೃಶ್ಯ: ಪಾಪವೂ ಪಶ್ಚಾತ್ತಾಪವೂ
(ಮಹೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಶ್ರೀಮಠದ ಉತ್ಸವದಲ್ಲಿ ಆಂಗ್ಲ ನಾಟಕವೊಂದರ ಮಾತನ್ನೆತ್ತುವುದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಷೇಕ್ಸ್‌ಪಿಯರ್ ಮಹಾಕವಿಯು ನಮ್ಮ ಸಮಾಜಕ್ಕೆ ಹೊಸಬನೇನೂ ಅಲ್ಲ. 1871ರಷ್ಟು ಹಿಂದೆಯೇ ವಿದ್ಯಾಧಿಕಾರಿ ಚನ್ನಬಸಪ್ಪನವರು ಆತನ ಹಾಸ್ಯನಾಟಕವೊಂದನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಿಸಿದರು. ಮೈಸೂರಿನ ಆಸ್ಥಾನಕವಿ ಬಸವಪ್ಪಶಾಸ್ತ್ರಿಗಳು 'ಒಥೆಲೋ'ವನ್ನು 'ಶೂರಸೇನಚರಿತ್ರೆ'ಯನ್ನಾಗಿ ಮಾಡಿದರು. ನಗೆಯನ್ನೂ ಮತ್ಸರವನ್ನೂ ಹಿರಿಯರು ಆಗಲೇ ತಂದುಕೊಟ್ಟಿರುವುದರಿಂದ, ನಾನು ಈ ದಿನ ಆ ಕವಿಯು ಬರೆದ ಒಂದು ಪಶ್ಚಾತ್ತಾಪದ ದೃಶ್ಯವನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಿಂದ ಘಟ್ಟವನ್ನೇರಿ ಬಂದಿರುವ ಭಕ್ತರಿಗೆ ಈ ವಿಷಯವು ಮತ್ತೊಂದು ಕಾರಣದಿಂದಲೂ ಹತ್ತಿರವಾದುದು. ಆ ಸೀಮೆಯು ಬಹುಕಾಲ ಕೆಳದಿಯ ವೀರಶೈವ ಅರಸರ ಆಳ್ವಿಕೆಯಲ್ಲಿತ್ತು. ಬಿದನೂರಿನಿಂದ ಹೊರಟವರು ಕೊಲ್ಲೂರ ಘಾಟಿಯಿಂದಲೋ ಹೊಸಂಗಡಿಯ ಕಡೆಯಿಂದಲೋ ಇಳಿದು ಸಮುದ್ರತೀರವನ್ನು ಮುಟ್ಟುತ್ತಿದ್ದರು. ಬಸರೂರು ಆ ರಾಜ್ಯದ ಸಿರಿಯ ಬಾಗಿಲುಗಳಲ್ಲೊಂದು. ಒಂದು ಕಾಕತಾಳೀಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಾಲೆಯು ಇಕ್ಕೇರಿಗೆ ಬಂದು, ವೆಂಕಟಪ್ಪನಾಯಕನ ರಾಜಧಾನಿಯನ್ನು ಕಂಡು, ಬಸರೂರಿಗೆ ಇಳಿದುದು 1623ರಲ್ಲಿ. ಷೇಕ್ಸ್‌ಪಿಯರನ ನಾಟಕಗಳನ್ನು ಅವನ ಮಿತ್ರರು ಒಟ್ಟುಗೂಡಿಸಿ ಒಂದೇ ದೊಡ್ಡ ಸಂಪುಟವಾಗಿ ಅಚ್ಚುಮಾಡಿಸಿದುದೂ ಅದೇ ವರ್ಷ!

ಮುಂದೆ 1932ರಲ್ಲಿ ಮಲೆನಾಡಿನ ಕವಿ ಕುವೆಂಪು ಅವರು 'ಹ್ಯಾಮ್ಲೆಟ್' ನಾಟಕವನ್ನು ಬಿದನೂರಿನ ಅರಮನೆಗೆ ತಂದು 'ರಕ್ತಾಕ್ಷಿ'ಯನ್ನು ರಚಿಸಿದರು. ಡೆನ್ಮಾರ್ಕಿನ ಚಳಿಗೆ ಬದಲಾಗಿ ಮಲೆನಾಡಿನ ಮಳೆ ಬಂದಿತು. ಕ್ಲಾಡಿಯಸ್ ದೊರೆಯ ಸ್ಥಾನದಲ್ಲಿ ನಿಂಬಯ್ಯನು ನಿಂತನು. ಬಿದನೂರಿನ ಕಡೆಗಾಲದಲ್ಲಿ, 1757ರಲ್ಲಿ, ಎಳೆಯ ಅರಸ ಚೆನ್ನಬಸಪ್ಪನಾಯಕನು ತೀರಿಹೋದ ಬಳಿಕ ರಾಣಿ ವೀರಮ್ಮಾಜಿಯವರು ರಾಜ್ಯವನ್ನಾಳಿದರು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು. ಆ ಸಾವಿನ ಸುತ್ತ ಹುಟ್ಟಿದ ಅಪವಾದಗಳು ಜನರ ಬಾಯಲ್ಲಿ ಬಹುಕಾಲ ಉಳಿದುವು. ನಾಟಕದ ಪಾತ್ರಗಳನ್ನು ನೋಡಿ ಆ ರಾಣಿಯವರ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲವೆಂದು ನನ್ನ ಮತ. ಕವಿಗೆ ಬೇಕಾದುದು ಸಿಂಹಾಸನದ ಬಳಿ ಸುಳಿಯುವ ಪಾಪ. ಅದನ್ನು ಅವನು ಎಲ್ಲಿಯಾದರೂ ಕಾಣಬಲ್ಲನು.

ಇನ್ನು ಮೂಲದ ದೃಶ್ಯಕ್ಕೆ ಬರೋಣ. ಅದು ಮೂರನೆಯ ಅಂಕದ ಮೂರನೆಯ ದೃಶ್ಯ. ಕ್ಲಾಡಿಯಸನು ತೋಟದಲ್ಲಿ ಮಲಗಿದ್ದ ಅಣ್ಣನ ಕಿವಿಗೆ ವಿಷವನ್ನು ಹೊಯ್ದು ಕೊಂದು, ಕಿರೀಟವನ್ನೂ ಅತ್ತಿಗೆಯನ್ನೂ ಪಡೆದವನು. ಅಣ್ಣನ ಮಗ ಹ್ಯಾಮ್ಲೆಟನು ನಟರಿಂದ ಅಂಥದೇ ಕೊಲೆಯ ಕಥೆಯನ್ನು ಆಡಿಸುತ್ತಾನೆ. ದೊರೆಯು ನೋಡಲಾರದೆ ಎದ್ದುಹೋಗುತ್ತಾನೆ. ಆಟವೊಂದು ಪಾಪಿಯ ಎದೆಯನ್ನು ಬಗೆಯಿತು. ಮಂದಾರ್ತಿ, ಮಾರಣಕಟ್ಟೆಯ ಮೇಳಗಳ ಆಟವನ್ನು ಬೆಳಗಿನವರೆಗೆ ಕಂಡವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಏಕಾಂತದಲ್ಲಿ ದೊರೆಯು ತನ್ನ ಪಾಪವನ್ನು ತಾನೇ ಒಪ್ಪಿಕೊಳ್ಳುತ್ತಾನೆ. ಎಷ್ಟೇ ದೊಡ್ಡ ಪಾಪವನ್ನಾದರೂ ತೊಳೆಯುವಷ್ಟು ಕರುಣೆ ಮೇಲೆ ಇದೆಯೆಂಬುದು ಅವನಿಗೆ ಗೊತ್ತು. ಅವನ ತೊಡಕು ಬೇರೆಯೇ. ಕ್ಷಮೆಯನ್ನು ಬೇಡುವುದಾದರೂ ಹೇಗೆ? ಯಾವುದಕ್ಕಾಗಿ ಕೊಂದನೋ ಆ ಕಿರೀಟವು ಇನ್ನೂ ತಲೆಯ ಮೇಲಿದೆ, ಆ ರಾಣಿಯು ಅಂತಃಪುರದಲ್ಲಿದ್ದಾಳೆ, ರಾಜ್ಯದಾಸೆಯು ಮನಸ್ಸಿನಲ್ಲಿದೆ. ಕದ್ದ ಗಂಟನ್ನು ಕಂಕುಳಲ್ಲಿರಿಸಿಕೊಂಡೇ ಕಳ್ಳತನದ ಕ್ಷಮೆಯನ್ನು ಕೇಳಬಹುದೇ? ಲೋಕದ ನ್ಯಾಯಾಧಿಕಾರಿಯನ್ನು ಹಣದಿಂದ ಒಲಿಸಿಕೊಳ್ಳಬಹುದು, ಆ ನ್ಯಾಯಸ್ಥಾನದಲ್ಲಿ ಅದು ನಡೆಯದು ಎಂಬುದನ್ನೂ ಅವನೇ ಕಂಡುಕೊಳ್ಳುತ್ತಾನೆ. ಇಷ್ಟು ತಿಳಿದವನು ಸಿಂಹಾಸನವನ್ನು ಬಿಟ್ಟೇಳುವನೆಂದು ನಾವು ಎದುರುನೋಡುತ್ತೇವೆ. ಅವನು ಮೊಣಕಾಲೂರುತ್ತಾನೆ, ಅಷ್ಟೆ. ಅಜ್ಞಾನಿಯ ಪಾಪಕ್ಕಿಂತ ಈ ಜ್ಞಾನಿಯ ಪಾಪವೇ ನನಗೆ ಹೆಚ್ಚು ಭಯವನ್ನುಂಟುಮಾಡುತ್ತದೆ.

ಆಗ ಹ್ಯಾಮ್ಲೆಟನು ಹಿಂದಿನಿಂದ ಬರುತ್ತಾನೆ. ಕೈಯಲ್ಲಿ ಕತ್ತಿ, ಎದುರಿಗೆ ಬಾಗಿದ ಕತ್ತು. ಆದರೆ ಅವನಿಗೊಂದು ಲೆಕ್ಕ ಹುಟ್ಟುತ್ತದೆ. ಪ್ರಾರ್ಥನೆಯಲ್ಲಿರುವವನನ್ನು ಕೊಂದರೆ ಅವನು ಸ್ವರ್ಗಕ್ಕೆ ಹೋಗುವನು. ತನ್ನ ತಂದೆಯಾದರೋ ಪಾಪನಿವೇದನೆಗೆ ಸಮಯವಿಲ್ಲದೆ ನಿದ್ರೆಯಲ್ಲಿ ಸತ್ತವನು. ಈ ಲೆಕ್ಕವು ನಮ್ಮ ಕರಾವಳಿಯ ಪ್ರೇಕ್ಷಕನಿಗೆ ಕೂಡಲೇ ಅರ್ಥವಾಗುತ್ತದೆ. ಅಜಾಮಿಳನು ಸಾಯುವಾಗ ಮಗನನ್ನು ಕೂಗಿದ ಹೆಸರೇ ಅವನನ್ನು ಯಮದೂತರಿಂದ ಬಿಡಿಸಿತು. ರಾಮಬಾಣದಿಂದ ಮಡಿದ ರಾವಣನಿಗೂ ಸದ್ಗತಿ ದೊರೆಯಿತೆಂದು ಆಟದಲ್ಲಿ ಕೇಳಿದ್ದೇವೆ. ಶತ್ರುವು ಅಜಾಮಿಳನಾಗಿಬಿಟ್ಟರೆ ಗತಿಯೇನೆಂಬುದೇ ರಾಜಕುಮಾರನ ಚಿಂತೆ. ಕುಡಿತದಲ್ಲಿಯೋ ಕೋಪದಲ್ಲಿಯೋ ಜೂಜಿನಲ್ಲಿಯೋ ಇರುವಾಗ ಕೊಲ್ಲೋಣ, ಆತ್ಮವೂ ನರಕಕ್ಕಿಳಿಯಲೆಂದು ಕತ್ತಿಯನ್ನು ತಡೆಯುತ್ತಾನೆ. ಇದನ್ನು ಕೆಲವರು ಕರುಣೆಯೆಂದು ಬಗೆಯುತ್ತಾರೆ. ನನಗೆ ಹಾಗೆ ತೋರದು. ದೇಹವನ್ನು ಕೊಲ್ಲುವುದು ಸಾಲದೆಂಬ ಹಟವು ಕರುಣೆಯಾಗುವುದು ಹೇಗೆ? ಆ ಕ್ಷಣದಲ್ಲಿ ಮೊಣಕಾಲೂರಿದವನೂ ಹಿಂದೆ ನಿಂತವನೂ ಪಾಪದಲ್ಲಿ ಸಮಾನರೇ ಆಗಿದ್ದಾರೆ.

ಮರೆಯಲ್ಲಿ ನಿಂತು ಪೂಜೆಯನ್ನು ನೋಡಿದ ಇನ್ನೊಬ್ಬನ ಕಥೆ ನಮ್ಮ ಶರಣಪರಂಪರೆಯಲ್ಲಿದೆ. ಪೆದ್ದಣ್ಣನೆಂಬ ಕಳ್ಳನು ಸಿರಿವಂತನೊಬ್ಬನ ಮನೆಗೆ ರಾತ್ರಿ ಕನ್ನವಿಕ್ಕಲು ಹೋದಾಗ, ಒಳಗೆ ಉರಿಲಿಂಗದೇವರು ಆ ಮನೆಯವನಿಗೆ ದೀಕ್ಷೆಯನ್ನು ಕರುಣಿಸುತ್ತಿದ್ದರಂತೆ. ನೋಡುತ್ತ ನಿಂತವನು ಏನನ್ನೂ ಮುಟ್ಟದೆ ಹಿಂದಿರುಗಿದನು. ಮರುದಿನವೇ ದೀಕ್ಷೆಗೆಂದು ಕೈಯೊಡ್ಡಲಿಲ್ಲ. ಕಳ್ಳತನವನ್ನು ಬಿಟ್ಟು, ಕಾಡಿಗೆ ಹೋಗಿ ಸೌದೆ ಕಡಿದು, ದಿನವೂ ಒಂದು ಹೊರೆಯನ್ನು ಗುರುವಿನ ಮಠಕ್ಕೆ ಹೊತ್ತು ಹಾಕಿದನು. ದೀಕ್ಷೆಯ ಬೇಡಿಕೆ ಬಂದುದು ಆಮೇಲೆ. ಅವರೇ ಉರಿಲಿಂಗಪೆದ್ದಿಗಳೆಂದು ಹೆಸರಾಗಿ, ಗುರುವಿನ ಪೀಠಕ್ಕೂ ಏರಿದರು. ಕ್ಲಾಡಿಯಸನು ಊರಲಾರದೆ ಹೋದ ಹೆಜ್ಜೆಯು ಯಾವುದೆಂಬುದು ಆ ಸೌದೆಯ ಹೊರೆಯನ್ನು ನೆನೆದಾಗ ನನಗೆ ಸ್ಪಷ್ಟವಾಗುತ್ತದೆ. ಮಾತು ಅವನಲ್ಲಿಯೂ ಧಾರಾಳವಾಗಿತ್ತು.

ದೃಶ್ಯವು ಇನ್ನೂ ಮುಗಿದಿಲ್ಲ. ಹ್ಯಾಮ್ಲೆಟನು ಹೊರಟುಹೋದ ಮೇಲೆ ದೊರೆಯು ಏಳುತ್ತಾನೆ. ತನ್ನ ಬಾಯಿಯ ಮಾತಿನೊಂದಿಗೆ ಮನಸ್ಸು ಮೇಲೇರಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಅಂದರೆ ಅಲ್ಲಿ ಪ್ರಾರ್ಥನೆಯೇ ನಡೆದಿರಲಿಲ್ಲ! ಬಾಗಿದ ಬೆನ್ನನ್ನು ಕಂಡು ಭಕ್ತಿಯೆಂದು ತಿಳಿದ ರಾಜಕುಮಾರನು ಅರೆಗಳಿಗೆ ನಿಂತಿದ್ದರೆ ಆ ಮಾತು ಅವನ ಕಿವಿಗೆ ಬೀಳುತ್ತಿತ್ತು. ಅವನು ನೇರವಾಗಿ ತಾಯಿಯ ಕೋಣೆಗೆ ಹೋಗುತ್ತಾನೆ. ಪರದೆಯ ಹಿಂದೆ ದನಿ ಕೇಳಿ, ದೊರೆಯೇ ಇರಬೇಕೆಂದು ಇರಿಯುತ್ತಾನೆ. ಸತ್ತವನು ಮುದುಕ ಮಂತ್ರಿ ಪೊಲೋನಿಯಸ್. ಅವನ ಮಗಳು ಓಫೀಲಿಯಳಿಗೆ ಹುಚ್ಚು ಹಿಡಿದು ನೀರಿನಲ್ಲಿ ಮುಳುಗುತ್ತಾಳೆ. ಅವಳ ಅಣ್ಣನು ಸೇಡಿಗೆ ಏಳುತ್ತಾನೆ. ಕೊನೆಗೆ ರಾಣಿ, ದೊರೆ, ರಾಜಕುಮಾರರೆಲ್ಲ ಒಂದೇ ಸಭೆಯಲ್ಲಿ ಹೆಣವಾಗುತ್ತಾರೆ. ಬಿದನೂರಿಗೆ ಈ ಕಥೆಯನ್ನು ತಂದಾಗ ಕುವೆಂಪು ಅವರು ಆ ಹೆಣ್ಣನ್ನು ನೀರಿನ ಪಾಲುಮಾಡಲಿಲ್ಲ. ಅವಳ ಸ್ಥಾನದಲ್ಲಿರುವ ರುದ್ರಾಂಬೆಯು ಹುಚ್ಚಿನಲ್ಲಿಯೇ ರಕ್ತಾಕ್ಷಿಯಾಗಿ ಎದ್ದು ಸೇಡಿಗೆ ಹೊರಡುತ್ತಾಳೆ. ನಾಟಕಕ್ಕೆ ಅವಳದೇ ಹೆಸರು.